ಮಂಜುನಾಥನ ಗೋವಾ

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲಿಗ. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದು ಪಾಸಾದವನು ನಾನು. ಆದರೆ ಅದೇ ಇಂಗ್ಲಿಷಿನಲ್ಲಿ ಮಾತಾಡು ಎಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ, ಗಿರಾಕಿ ಕಂಪನಿಗಳಿಗೆ ಹೋಗಿ ಮಾತಾಡುವ ಎಂಜಿನಿಯರ್ ಹುದ್ದೆಯೊಂದು ಖಾಲಿಯಾಯಿತು. ಏಳು ವರ್ಷದಿಂದ ಬಿಡಿಭಾಗಗಳ ಅಳತೆ ನೋಡುತ್ತ ನಿಂತೇ ಇದ್ದ ನನಗೆ ಅದು ಬೇಕೇ ಬೇಕಿತ್ತು. ಪಕ್ಕದ ಮೇಜಿನ ಮಂಜುನಾಥನಿಗೂ ಬೇಕಿತ್ತು. ಹೊರಗಿನಿಂದ ಮೇಡಂ ಒಬ್ಬರು ಬಂದು ಇಬ್ಬರನ್ನೂ ಇಂಗ್ಲಿಷಿನಲ್ಲಿ ಮಾತಾಡಿಸಿ ತೀರ್ಮಾನಿಸುತ್ತಾರೆ, ವಿಷಯ ರಜೆ ಮತ್ತು ಪ್ರವಾಸ ಎಂದು ತಿಳಿದ ದಿನದಿಂದ ನನಗೆ ಅನ್ನ ಸೇರಲಿಲ್ಲ. ನಮ್ಮಲ್ಲಿ ರಜೆ ಹಾಕುವುದು ಮದುವೆಗೆ, ಇಲ್ಲವೇ ಮಣ್ಣಿಗೆ. ಸುಮ್ಮನೆ ನೋಡಿ ಬರಲು ದುಡ್ಡು ಖರ್ಚು ಮಾಡುವವರನ್ನು ನಮ್ಮ ಕಡೆ ತಲೆ ಕೆಟ್ಟವರು ಎನ್ನುತ್ತಾರೆ.

ಆಗ ನೆನಪಾದದ್ದು ಮಂಜುನಾಥನ ಗೋವಾ. ಹೋದ ವರ್ಷ ಹೋಗಿಬಂದವನು ಚಹಾದ ವೇಳೆಯಲ್ಲೆಲ್ಲ ಅದನ್ನೇ ಕೊರೆದಿದ್ದ. ಅವನಿಗೆ ಹೇಳದೆ ಅದನ್ನು ಇಂಗ್ಲಿಷಿಗೆ ತಿರುಗಿಸಿ, ಮೆಟ್ರೊದಲ್ಲಿ ತುಟಿ ಅಲ್ಲಾಡಿಸುತ್ತ ಬಾಯಿಪಾಠ ಮಾಡಿದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಅದು ಯಾವ ದೇವರ ಮಂತ್ರವೆಂದು ವಿಚಾರಿಸಿದರು. ಸಂದರ್ಶನದ ಬೆಳಿಗ್ಗೆ ಅವ್ವ ಹಾವೇರಿಯಿಂದ ಫೋನು ಮಾಡಿದಳು. “ಬರೀ ಹಣಿಲೆ ಹೋಗಬ್ಯಾಡಪಾ, ಇಬತ್ತಿ ಹಚ್ಚಿಗೊಂಡು ಹೋಗು.” ಮೂರು ಬೆರಳಗಲ ವಿಭೂತಿ ಬಳಿದುಕೊಂಡೇ ಹೋದೆ.

ಬೆಟ್ಟ ಇಷ್ಟವೋ ಕಡಲು ಇಷ್ಟವೋ ಎಂದು ಮೇಡಂ ಕೇಳಿದರು. ಕಡಲು ಎಂದವನೇ ತೆಂಗಿನ ಮರ, ಬಾಡಿಗೆ ಸ್ಕೂಟರ್, ಮುಳುಗುವ ಸೂರ್ಯ, ಕೊನೆಗೆ ಏಡಿ ಸುಕ್ಕಾ, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವನು ನಾನು. ಏಡಿಯನ್ನು ಹೇಗೆ ತಿಂದಿರಿ ಎಂದು ಕೇಳಿದರು. ಬಾಯಿಪಾಠದಲ್ಲಿ ಅದಿರಲಿಲ್ಲ. ಚಮಚದಲ್ಲಿ, ಎಂದೆ.

ಮೇಡಂ ಪೆನ್ನು ಕೆಳಗಿಟ್ಟು, ನನ್ನ ಹಣೆಯನ್ನೊಮ್ಮೆ ನೋಡಿ, ಅಚ್ಚ ಕನ್ನಡದಲ್ಲಿ, “ಚಿಪ್ಪು ಏನ್ ಮಾಡಿದ್ರಿ ಸ್ವಾಮಿ?” ಎಂದರು.

ಬೆವರಿಗೆ ವಿಭೂತಿ ಮೂಗಿನ ತನಕ ಇಳಿಯಿತು. ಹುದ್ದೆಯಂತೂ ಹೋಯಿತು, ಇನ್ನು ಹೆದರುವುದೇಕೆ ಎಂದು, ಬಂದಷ್ಟು ಇಂಗ್ಲಿಷಿನಲ್ಲಿ ಇದ್ದದ್ದನ್ನು ಹೇಳಿದೆ. ಮನೆದೇವರಿಗೆ ಹೋಗುವ ಟೆಂಪೊದಲ್ಲಿ ಹದಿನೆಂಟು ಜನ, ರೊಟ್ಟಿ ಬುತ್ತಿಯ ಗಂಟು ನನ್ನ ತೊಡೆಯ ಮೇಲೆ, ವಾಂತಿಯಾಗುತ್ತದೆಂದು ಕಿಟಕಿ ಯಾವಾಗಲೂ ಅವ್ವನಿಗೆ. ಪ್ರವಾಸದಲ್ಲಿ ನನ್ನ ಇಷ್ಟವೆಂದರೆ ಒಮ್ಮೆಯಾದರೂ ಕಿಟಕಿಯ ಪಕ್ಕ ಕೂರುವುದು. ಕ್ರಿಯಾಪದಗಳು ದಿಕ್ಕಾಪಾಲಾಗಿ ಓಡಿದವು, ನಾನು ಮಾತ್ರ ನಿಲ್ಲಿಸಲಿಲ್ಲ. ಮೇಡಂ ನಕ್ಕರು, ಏನೋ ಬರೆದುಕೊಂಡರು.

ನನ್ನ ನಂತರ ಒಳಹೋದವನು ಮಂಜುನಾಥ. ನಿಜವಾಗಿ ಗೋವಾ ನೋಡಿದವನು, ನಿಜವಾಗಿ ಏಡಿ ತಿಂದವನು. ಅದೇ ತೆಂಗಿನ ಮರ, ಅದೇ ಸ್ಕೂಟರ್ ಎನ್ನುತ್ತಿದ್ದಂತೆ ಮೇಡಂ ಕೈಯೆತ್ತಿ, ಬಾಯಿಪಾಠ ಬೇಡ ಎಂದರಂತೆ. ಅವನಿಗೆ ಅಲ್ಲಿಗೇ ಮಾತು ನಿಂತುಹೋಯಿತಂತೆ.

“ನಾನ್ ಹೋಗಿದ್ ಜಾಗಾನ ನಾನೇ ಬಾಯಿಪಾಠ ಮಾಡಿದೀನಿ ಅಂತಾರಲ್ಲ ಗುರು, ಯಾಕಿರ್ಬೋದು?” ಎಂದು ಈಗಲೂ ಕೇಳುತ್ತಾನೆ. ಹುದ್ದೆ ನನ್ನದಾಗಿದೆ. ಸತ್ಯ ಹೇಳಿ ಗೆದ್ದೆ ಎಂದು ಊರ ತುಂಬ ಹೇಳಿಕೊಂಡಿದ್ದೇನೆ. ಮಂಜುನಾಥನಿಗೆ ಮಾತ್ರ, ಕೆಲವು ಮೇಡಂಗಳೇ ಹಾಗೆ ಮಗಾ, ಎಂದು ಸಮಾಧಾನ ಹೇಳುತ್ತೇನೆ.