ಹೊನ್ನೂರಿನಲ್ಲಿ ಕಳೆದುಹೋದ ‘ಹ’

ಪ್ರಭುಸ್ವಾಮಿಯ ಹೆಬ್ಬೆರಳು ಬದನೆಕಾಯಿಯ ಹಾಗಿತ್ತು. ಹೊಸ ಫೋನಿನಲ್ಲಿ ಅದು ಒಂದು ಅಕ್ಷರ ಒತ್ತಿದರೆ ಅಕ್ಕಪಕ್ಕದ ಅಕ್ಷರಗಳೂ ಕರೆಯದ ನೆಂಟರಂತೆ ಜೊತೆಗೆ ಬಂದುಬಿಡುತ್ತಿದ್ದವು. ಓದೋಣವೆಂದರೆ ಕಣ್ಣಿಗೆ ಚಾಳೀಸು ಬಂದಿತ್ತು, ಕನ್ನಡಕ ಹಾಕಲು ಬಿಗುಮಾನ ಬಿಡುತ್ತಿರಲಿಲ್ಲ. ಹಾಗಾಗಿ ಅವನು ಬಾಯಲ್ಲಿ ಹೇಳುತ್ತಿದ್ದ, ಫೋನು ಬರೆದುಕೊಳ್ಳುತ್ತಿತ್ತು. ಉತ್ತರ ಬಂದರೆ ಫೋನೇ ಓದಿ ಹೇಳುತ್ತಿತ್ತು. ಹುಟ್ಟಿದ್ದು ಹೊನ್ನೂರಿನಲ್ಲಾದರೂ ಆ ಊರಿನ ಹೆಸರನ್ನು ಅವನು ಜನ್ಮದಲ್ಲಿ ಒಮ್ಮೆಯೂ ‘ಹ’ ಹಚ್ಚಿ ಹೇಳಿದವನಲ್ಲ ಎಂಬುದನ್ನು ಮಾತ್ರ ಫೋನಿಗೆ ಯಾರೂ ತಿಳಿಸಿರಲಿಲ್ಲ.

ಮರುದಿನ ಅವನ ಹೊಸ ಮನೆಯ ಗೃಹಪ್ರವೇಶ. ಹಿಂದಿನ ಸಂಜೆಯೇ ಕಾಮಗೆರೆಯಿಂದ ಮಾವ ದೊಡ್ಡಮಾದಪ್ಪನವರು ಬರುವವರಿದ್ದರು. ಬರುವುದೇ ದೊಡ್ಡ ಸಂಗತಿ. ಮದುವೆಗೆ ಪ್ರಭುಸ್ವಾಮಿ ಗೊತ್ತುಮಾಡಿದ್ದ ವಾದ್ಯದವರು ತಾಳಿ ಕಟ್ಟಿ, ಊಟವಾಗಿ, ಎಲೆ ಎತ್ತಿದ ಮೇಲೆ ಬಂದಿದ್ದರು. ಅಂದಿನಿಂದ ಮಾವ ಅಳಿಯನ ಹೊಸ್ತಿಲು ತುಳಿದಿರಲಿಲ್ಲ. ಈಗ ಮಗಳು ಯಶೋದ ಅತ್ತು ಕರೆದು ಒಪ್ಪಿಸಿದ್ದಳು. ಮಾವನ ಷರತ್ತು ಒಂದೇ: ಬಾಗಿಲಲ್ಲಿ ಒಳ್ಳೆಯ ಹಾಡು ಕೇಳಿಸಬೇಕು, ಇಲ್ಲದಿದ್ದರೆ ಬಂದ ಆಟೋದಲ್ಲೇ ವಾಪಸ್ಸು. ಅಪ್ಪ ತಿರುಗಿದರೆ ಅದೇ ಆಟೋದಲ್ಲಿ ತನಗೂ ಜಾಗವಿದೆ ಎಂದು ಯಶೋದ ತಣ್ಣಗೆ ಸೇರಿಸಿದ್ದಳು.

ಹಾಡಿನ ಹೊಣೆ ಹನೂರಿನ ಮಾದಣ್ಣನದು. ಅವನು ರಾತ್ರಿ ಭಜನೆ ಮೇಳದ ಮುಖಂಡ, ಹಗಲು ಟೆಂಪೊ ಡ್ರೈವರ್. ಪಾಲಾರ್ ಕಡೆಯ ಕಾಡು ದಾರಿಯಲ್ಲಿ ಅವನಿಗೆ ಕರೆ ಸಿಗುವುದಿಲ್ಲ, ಅವನ ಗುಂಡಿ ಫೋನಿಗೆ ಆಗೊಂದು ಈಗೊಂದು ಮೆಸೇಜು ನುಸುಳುತ್ತದೆ, ಅಷ್ಟೆ. ಮೇಳ ಬರುವುದು ಮೊದಲೇ ನಿಗದಿಯಾಗಿತ್ತು. ಆದರೂ ಬೆಳಿಗ್ಗೆ ಎದ್ದವನೇ ಪ್ರಭುಸ್ವಾಮಿ ಜ್ಞಾಪಿಸೋಣವೆಂದು ಫೋನಿಗೆ ಬಾಯಿ ಕೊಟ್ಟ.

“ಮಾದಣ್ಣ, ಒನ್ನೂರ್ಗೆ ಒಳ್ಳೊಳ್ಳೆ ಆಡು ತಕಬಾ. ನಮ್ಮಾವ ಬತ್ತಾವ್ರೆ.”

ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಫೋನು ವಾರ್ತೆ ಓದುವವಳ ದನಿಯಲ್ಲಿ ಒಪ್ಪಿಸಿತು: “ಒಂದು ನೂರು ಆಗಕಿಲ್ಲ ಸಾ. ಟೆಂಪೊ ತುಂಬ ತತ್ತೀನಿ. ಕೊಂಬು ಇರೋವೇ ಬೇಕಾ?”

ಪ್ರಭುಸ್ವಾಮಿ ಹಿಗ್ಗಿದ. ತಾಳ, ತಬಲದ ಜೊತೆಗೆ ಕೊಂಬು, ಕಹಳೆ ಬೇರೆ. ಕೊಂಬಿದ್ದರೇ ಗತ್ತು ಎಂದು ಮೆಸೇಜು ಹೋಯಿತು. ಮತ್ತೊಂದು ಬಂತು: ರಾತ್ರಿಯೆಲ್ಲ ಕೂಗ್ತವೆ, ಪರವಾಗಿಲ್ವಾ? ತನ್ನ ಮೇಳದವರನ್ನೇ ‘ಕೂಗ್ತವೆ’ ಎನ್ನುವ ಮಾದಣ್ಣನ ವಿನಯಕ್ಕೆ ಪ್ರಭುಸ್ವಾಮಿ ಮನಸ್ಸಿನಲ್ಲೇ ಕೈಮುಗಿದ.

ಮಧ್ಯಾಹ್ನ ಪಕ್ಕದ ಮನೆಯ ಕೆಂಪಾಜಮ್ಮ ಚಪ್ಪರದ ಕೆಳಗೆ ತನಿಖೆಗೆ ಬಂದರು. ಈ ಸಲವಾದರೂ ವಾದ್ಯದವರು ಊಟಕ್ಕೆ ಮೊದಲು ಬರುತ್ತಾರೋ ಎಂದು ಎಲ್ಲರಿಗೂ ಕೇಳುವಂತೆ ವಿಚಾರಿಸಿದರು. ಪ್ರಭುಸ್ವಾಮಿ ಫೋನನ್ನು ಅವರ ಜೊತೆ ಬಂದಿದ್ದ ಸೊಸೆ ಕೋಮಲಳ ಕೈಗಿಟ್ಟು, ನೀನೇ ಓದಿ ಹೇಳವ್ವ ಎಂದ. ಕೋಮಲ ಡಿಗ್ರಿ ಓದಿದವಳು. ಓದಿದಳು, ನಿಂತಳು, ಮತ್ತೆ ಓದಿದಳು.

“ಅಣ್ಣ, ನೀವು ಆಡು ಅಂತ ಕಳ್ಸಿದೀರ.”

“ಊ ಕಣವ್ವ, ಆಡೇ.”

“ಆ ಆಡಲ್ಲಣ್ಣ, ಆಡು.”

“ನಾನೂ ಅದ್ನೇ ಯೋಳ್ತಿರೋದು.”

“ಮ್ಯಾ ಅಂತದಲ್ಲ, ಆ ಆಡು. ಅದೂ ಒನ್ನೂರ್ಗೆ ಅಂತ ಇಲ್ಲ, ಒಂದು ನೂರು ಅಂತ ಅದೆ.”

ಪ್ರಭುಸ್ವಾಮಿಗೆ ಕೊಂಬಿನ ಅರ್ಥವೂ ಕೂಗಿನ ಅರ್ಥವೂ ಒಟ್ಟಿಗೇ ಆಯಿತು. ಮಾವ ಲಿಂಗಪೂಜೆಯಿಲ್ಲದೆ ನೀರು ಮುಟ್ಟುವವರಲ್ಲ, ಬೀದಿಯಲ್ಲಿ ಮೊಟ್ಟೆ ಗಾಡಿ ಹೋದರೆ ಬಾಗಿಲು ಹಾಕಿಕೊಳ್ಳುವವರು. ಗೃಹಪ್ರವೇಶಕ್ಕೆ ಟೆಂಪೊ ತುಂಬ ಆಡು ಬಂದಿಳಿದರೆ ಊಟದ ಬಗ್ಗೆ ಏನೆಂದುಕೊಂಡಾರು? ಮಾದಣ್ಣನಿಗೆ ಕರೆ ಮಾಡಿ ಮಾಡಿ ಸಾಕಾಯಿತು, ಸಿಗಲಿಲ್ಲ. ಮತ್ತೊಂದು ಮೆಸೇಜು ಬಾಯಲ್ಲಿ ಹೇಳಲು ಧೈರ್ಯವಾಗಲಿಲ್ಲ, ಯಶೋದಳಿಂದ ಬರೆಸಲು ಮೊದಲೇ ಆಗಲಿಲ್ಲ. ಬರೆದುಕೊಡಲು ಕೋಮಲ ಮುಂದೆ ಬಂದಳು. ಆದರೆ ಕೆಂಪಾಜಮ್ಮ ಅಷ್ಟರಲ್ಲಿ ಸುದ್ದಿ ಹಂಚುವ ಅವಸರದಲ್ಲಿ ಸೊಸೆಯನ್ನು ಎಳೆದುಕೊಂಡು ಬೀದಿಗಿಳಿದಿದ್ದರು. ಪ್ರಭುಸ್ವಾಮಿ ಆಟೋ ಹತ್ತಿ ಯಳಂದೂರಿಗೆ, ಶಿವಶಂಕರನ ಮೊಬೈಲ್ ಅಂಗಡಿಗೆ ಓಡಿದ.

ಶಿವಶಂಕರ ರಿಪೇರಿಗಿಂತ ಉಪನ್ಯಾಸದಲ್ಲಿ ಪಳಗಿದವನು. ಫೋನನ್ನು ತಿರುಗಿಸಿ ನೋಡಿ ಲೊಚಗುಟ್ಟಿದ.

“ಫೋನು ನಿಮ್ದು, ಬಾಯಿ ನಿಮ್ದು, ಮಾತು ಮಾತ್ರ ಕಂಪ್ನಿದು ಸಾ. ಬೀಗ ಆಕಿ ಕೊಟ್ಟವ್ರೆ, ಒಂದಕ್ಷರ ತಿದ್ದಕಾಗಲ್ಲ. ನಾನು ಮುಕ್ತ ತಂತ್ರಾಂಶ ಆಕ್ಕೊಡ್ತೀನಿ. ಬಿಚ್ಚಿ ನೋಡ್ಬೋದು, ನಮ್ಗೆ ಬೇಕಾದಂಗೆ ತಿದ್ಬೋದು.”

“ಪುಕ್ಸಟ್ಟೆನಾ?”

“ಪುಕ್ಸಟ್ಟೆ ಅನ್ಬಾರ್ದು ಸಾ, ಸ್ವತಂತ್ರ ಅನ್ಬೇಕು.” ಒಂದು ಗಳಿಗೆ ಬಿಟ್ಟು ಸೇರಿಸಿದ, “ಪುಕ್ಸಟ್ಟೇನೂ ಔದು.”

ಕಂಪನಿಯ ಬರವಣಿಗೆ ತೆಗೆದು ಸ್ವತಂತ್ರದ್ದನ್ನು ಹಾಕಿ, ಊರಿನ ಮಾತು ಕಲಿಸಲು ಕೂತರು. ಪ್ರಭುಸ್ವಾಮಿ ‘ಊವು’ ಎಂದ, ಶಿವಶಂಕರ ಅದಕ್ಕೆ ‘ಹೂವು’ ಎಂದು ಹೇಳಿಕೊಟ್ಟ. ‘ಆಲು’ ಹಾಲಾಯಿತು, ‘ಅಣ್ಣು’ ಹಣ್ಣಾಯಿತು, ‘ಒನ್ನೂರು’ ಕೊನೆಗೂ ಹೊನ್ನೂರಾಯಿತು. ತನ್ನ ಊರು ಊರಾದದ್ದು ನೋಡಿ ಪ್ರಭುಸ್ವಾಮಿಯ ಕಣ್ಣು ಒದ್ದೆಯಾಯಿತು.

“ಬಾಕಿದೆಲ್ಲ ಇರ್ಲಿ, ಆಡು ಕಲ್ಸಪ್ಪ ಮೊದ್ಲು. ಇನ್ಯಾವತ್ತೂ ತೆಪ್ಪಬಾರ್ದು,” ಎಂದು ತಾನೇ ಒತ್ತಾಯ ಮಾಡಿ ಕಲಿಸಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಮಾದಣ್ಣನಿಗೆ ಹೇಳಿದ: “ಆಡು ಬ್ಯಾಡ. ಒಂದು ಆಡೂ ಒನ್ನೂರ್ ಅತ್ರ ಸುಳೀಬಾರ್ದು.” ಫೋನು ಬರೆದದ್ದನ್ನು ಓದಿ ಹೇಳಿತು. ಅವನ ಕಿವಿಗೆ ಎಲ್ಲವೂ ಸರಿಯಾಗೇ ಕೇಳಿಸಿತು. ಆಯ್ತು ಸಾ ಎಂದು ಉತ್ತರವೂ ಬಂತು. ಪ್ರಭುಸ್ವಾಮಿ ಸ್ವಾತಂತ್ರ್ಯದ ಸಂತೋಷದಲ್ಲಿ ಶಿವಶಂಕರನಿಗೆ ಟೀ ಕುಡಿಸಿ, ಯಶೋದಳಿಗೆ ಹೂವು ಕಟ್ಟಿಸಿಕೊಂಡು ಮನೆಗೆ ಬಂದ.

ಹೊತ್ತು ಮುಳುಗುವ ಮುಂಚೆ ಟೆಂಪೊ ಬಂತು. ಪ್ರಭುಸ್ವಾಮಿ ಹಾರ ಹಿಡಿದು ಎದುರುಗೊಂಡ. ಮಾದಣ್ಣ ಹಿಂದಿನ ಬಾಗಿಲು ಬಿಚ್ಚಿದ. ಹಾರಕ್ಕೆ ಮೊದಲು ಬಾಯಿ ಹಾಕಿದ್ದು ಗಡ್ಡದ ಹೋತ.

“ನೀವ್ ಯೋಳ್ದಂಗೇ ಭಜ್ನೆಯೋರ್ನೆಲ್ಲ ಮನೆಗೆ ಕಳುಸ್ಬುಟ್ಟೆ ಸಾ,” ಎಂದ ಮಾದಣ್ಣ. ಆಡುಗಳನ್ನು ದಾರಿಯುದ್ದಕ್ಕೂ ಗದರಿ ಗದರಿ ಅವನ ಗಂಟಲು ಒಡೆದ ಮಡಕೆಯಾಗಿತ್ತು.

“ಅಯ್ಯೋ, ನಾನು ಬ್ಯಾಡ ಅಂದಿದ್ದು ಆಡು ಕಣಯ್ಯ.”

“ಅದ್ಕೇ ಆಡು ಬುಟ್ಟು ಆಡು ತಂದಿವ್ನಿ. ನೋಡಿ ಬೇಕಾರೆ.”

ಮಾದಣ್ಣ ಗುಂಡಿ ಫೋನನ್ನು ಮುಂದೆ ಹಿಡಿದ. ಯಶೋದ ಓದಿದಳು: ಹಾಡು ಬೇಡ, ಒಂದು ಹಾಡೂ ಹೊನ್ನೂರಿನ ಹತ್ತಿರ ಸುಳಿಯಬಾರದು. ‘ಹ’ ಒಂದೂ ಬಿಟ್ಟುಹೋಗಿರಲಿಲ್ಲ. ಅವಳು ಗಂಡನ ಮುಖ ನೋಡಿ, ಒಳಗೆ ಹೋಗಿ ಬ್ಯಾಗು ತಂದು ಬಾಗಿಲ ಬಳಿ ಇಟ್ಟಳು. ಲಿಂಗಾಯತರ ಮನೆಗೆ ಆಡು ಯಾಕೆಂದು ಯೋಚಿಸಲಿಲ್ಲವೇ ಎಂದು ಪ್ರಭುಸ್ವಾಮಿ ಕೇಳಿದರೆ, ಆಡು ಸಾಕೋಕೆ ಸಬ್ಸಿಡಿ ಬಂದಿರಬೇಕು ಅಂದುಕೊಂಡೆ ಎಂದ ಮಾದಣ್ಣ. ವಾಪಸ್ಸು ಹತ್ತಿಸೋಣವೆಂದರೆ ರಸ್ತೆಯ ತಿರುವಿನಲ್ಲಿ ಮಾವನ ಆಟೋ ಕಾಣಿಸುತ್ತಿತ್ತು. ಪ್ರಭುಸ್ವಾಮಿ ಟೆಂಪೊವನ್ನು ಹಿತ್ತಿಲಿಗೆ ಬಿಡಿಸಿ, ಆಡುಗಳನ್ನೆಲ್ಲ ತೆಂಗಿನ ಮರಗಳಿಗೆ ಸರಸರನೆ ಕಟ್ಟಿ, ಬಾಯಿಗೆ ಬೆರಳಿಟ್ಟು ಅವುಗಳಿಗೆ ಸನ್ನೆ ಮಾಡಿ, ಏದುಸಿರು ಬಿಡುತ್ತಾ ಮುಂಬಾಗಿಲಿಗೆ ಬಂದ.

ದೊಡ್ಡಮಾದಪ್ಪನವರು ಒಂದು ಕಾಲನ್ನು ಆಟೋದಿಂದ ಹೊರಗಿಟ್ಟು ಕಿವಿಗೊಟ್ಟರು. ಮನೆಯ ಹಿಂದಿನಿಂದ ಮೊದಲು ಒಂದೇ ಒಂದು ‘ಮ್ಯಾ’ ಎದ್ದಿತು. ಇನ್ನೊಂದು ಅದಕ್ಕೆ ಸೇರಿಕೊಂಡಿತು. ಆಮೇಲೆ ಹೋತವೇ ದನಿ ಎತ್ತಿ, ಮೇಳ ಪೂರ್ತಿ ಶುರುವಾಯಿತು.

“ಇದೇನಪ್ಪ ಇದು?” ಎಂದರು ಮಾವ.

ಸುಳ್ಳು ಹೇಳುವಷ್ಟು ತ್ರಾಣ ಪ್ರಭುಸ್ವಾಮಿಯಲ್ಲಿ ಉಳಿದಿರಲಿಲ್ಲ. “ಆಡು, ಮಾವ.”

ಮಾವ ಕಣ್ಣು ಮುಚ್ಚಿ ಇನ್ನಷ್ಟು ಕೇಳಿದರು. ನ್ಯಾಯವಂತರು, ಅರ್ಧಕ್ಕೆ ತೀರ್ಪು ಕೊಡುವವರಲ್ಲ.

“ಯಾರು ಕಟ್ಟಿದ್ದು?”

ಪ್ರಭುಸ್ವಾಮಿ ಕೈಯಲ್ಲಿ ಉಳಿದಿದ್ದ ಹಗ್ಗದ ತುಂಡನ್ನು ಬೆನ್ನ ಹಿಂದೆ ಮುಚ್ಚಿಕೊಂಡ. “ನಾನೇ ಮಾವ.”

ಹೊರಗಿದ್ದ ಕಾಲು ಒಳಕ್ಕೆ ಹೋಯಿತು. ಮದುವೆಯಲ್ಲಿ ವಾದ್ಯದವರು ತಡವಾಗಿ ಬಂದದ್ದೇ ಪುಣ್ಯ ಎಂದು ಮಾವ ಡ್ರೈವರಿಗೆ ಹೇಳಿ, ಮಗಳಿಗೆ ಜಾಗ ಬಿಟ್ಟು ಸರಿದು ಕೂತರು.