ಹಾಲೇಶಪ್ಪನ ಬೆಳೆಯುವ ಹಲ್ಲು

"ನೋಡಣ್ಣ, ಕಣ್ಬಿಟ್ಟು ನೋಡು!" ಎನ್ನುತ್ತ ಹಲ್ಲಿನ ಡಾಕ್ಟರು ಪಂಕಜಾಕ್ಷಿ ಸುತ್ತಿಗೆ ಎತ್ತಿದಳು. ಮೇಜಿನ ಮೇಲೆ, ಬಿದ್ದ ಹಲ್ಲಿನ ಸಂದಿಗೆ ಕೂರಿಸುವ ನಾಲ್ಕು ಹಲ್ಲುಗಳ ಹೊಚ್ಚಹೊಸ ಬ್ರಿಜ್ ಮಿನುಗುತ್ತಿತ್ತು. ಟಣ್! ಒಂದು ಹಲ್ಲಿನ ಮೂಲೆ ಹಾರಿಹೋಯಿತು.

ಕುರ್ಚಿಯಲ್ಲಿ ಒರಗಿದ್ದ ಅವಳ ಅಣ್ಣ ಹಾಲೇಶಪ್ಪ ಹೌಹಾರಿದ. ಅವನ ಬಾಯಿಗೆ ಹೋಗಬೇಕಾದ ಹಲ್ಲು ಅದು!

ಪಂಕಜಾಕ್ಷಿ ಬ್ರಿಜ್ಜನ್ನು ಹಾಲಿನ ಲೋಟಕ್ಕೆ ಹಾಕಿದಳು. ನೋಡುನೋಡುತ್ತಿದ್ದಂತೆ ಮುರಿದ ಮೂಲೆ ಮೊಳಕೆಯೊಡೆದಂತೆ ಬೆಳೆದು ಮೊದಲಿನಂತಾಯಿತು!

"ಹಾಲಿನ ಸುಣ್ಣದಂಶ ಹೀರಿ ತನ್ನನ್ನ ತಾನೇ ರಿಪೇರಿ ಮಾಡ್ಕಂತೈತೆ. ಎಲ್ಲಿ ಸಂದು ಕಂಡ್ರೂ ತುಂಬಿಬಿಡ್ತೈತೆ!"

"ಎಲ್ಲಿ ಹಂದು ಕಂಡ್ರೂ?"

ಬಚ್ಚಲಲ್ಲಿ ಜಾರಿಬಿದ್ದು ಮುಂದಿನ ಎರಡು ಹಲ್ಲು ಕಳೆದುಕೊಂಡಂದಿನಿಂದ ಹಾಲೇಶಪ್ಪನ ಬಾಯಲ್ಲಿ ಅಕ್ಷರಗಳು ಹೀಗೇ ಜಾರುತ್ತಿದ್ದವು. ಅದು ಹೋಗಲಿ, ಅವನು ಕಡ್ಲೆಪೇಟೆಯ ಬ್ಯಾಂಡ್ ಸೆಟ್ಟಿನ ಕ್ಲಾರಿಯೋನೆಟ್ ವಾದಕ. ಮೇಲಿನ ಹಲ್ಲು ಊರದೆ ವಾದ್ಯ ನಿಲ್ಲುವುದು ಹೇಗೆ? ಊದಿದರೆ ಬರೀ ಗಾಳಿ! "ಬರೋ ಮದುವೆಗೆ ನೀವು ಊದ್ಲಿಲ್ಲ ಅಂದ್ರೆ ಬೇರೆಯವರನ್ನ ಖಾಯಂ ಮಾಡ್ಕಂತೀನಿ" ಎಂದು ಬ್ಯಾಂಡಿನ ಯಜಮಾನ ಉಸ್ಮಾನ್ ಸಾಬ್ ಹೇಳಿಬಿಟ್ಟಿದ್ದರು. ಹಾಲೇಶಪ್ಪನಿಗೆ ರಾತ್ರಿ ನಿದ್ದೆಯಿಲ್ಲ, ಹಗಲು ಊಟ ಸೇರದು.

ಪಂಕಜಾಕ್ಷಿ ಸಂದಿನ ಎರಡು ಬದಿಯ ಹಲ್ಲುಗಳನ್ನು ಮೊದಲೇ ತೇಯ್ದು ಸಣ್ಣ ಮಾಡಿದ್ದಳು. ಈಗ ಅವುಗಳ ಮೇಲೆ ಬ್ರಿಜ್ ಟೋಪಿಯ ಹಾಗೆ ಕೂತಿತು.

"ಸಂಗೀತ! ಸಂತೋಷ! ಸಾಸಿವೆ!" ಎಂದು ಹಾಲೇಶಪ್ಪ ಕೂಗಿದ. ಒಂದು 'ಸ' ಕೂಡ ಜಾರಲಿಲ್ಲ! ಅವನ ಕಣ್ಣಲ್ಲಿ ನೀರು ಬಂತು. "ನೀನು ಡಾಕ್ಟರಲ್ಲ ತಂಗೀ, ಬ್ರಹ್ಮ!"

"ಆತು, ಆತು. ಹಾಲು ಚೆನ್ನಾಗಿ ಕುಡಿ, ಹಲ್ಲು ಗಟ್ಟಿ ಆಗ್ತೈತೆ."

ಮದುವೆಯ ದಿನ ಹಾಲೇಶಪ್ಪ ತಂಗಿಯ ಮಾತಿಗೆ ಬೆಲೆಕೊಟ್ಟು ಲೋಟದ ಮೇಲೆ ಲೋಟ ಬಾದಾಮಿ ಹಾಲು ಇಳಿಸಿ ದಿಬ್ಬಣದ ಮುಂದೆ ನಿಂತ. ಆಹಾ, ಏನು ಊದಿದ! ಉಸ್ಮಾನ್ ಸಾಬ್ ಬಾಯಿ ತೆರೆದುಕೊಂಡೇ ನಿಂತರು.

"ಸಾಕು ನಿಲ್ಸ್ರೀ ಹಾಲೇಶಪ್ಪಾರೆ, ಚಪ್ಪರ ಬಂತು."

ನಿಲ್ಲಿಸುವುದೆಲ್ಲಿ! ಬ್ರಿಜ್ ತನಗೂ ಕ್ಲಾರಿಯೋನೆಟ್ಟಿಗೂ ನಡುವಿನ ಸಂದನ್ನು ಕಂಡುಹಿಡಿದು ತುಂಬಿಬಿಟ್ಟಿತ್ತು. ಹಾಲೇಶಪ್ಪ ಎಳೆದ, ಜಗ್ಗಿದ, ತಿರುಚಿದ. "ಅಯ್ಯೋ" ಎಂದರೆ "ಪೀಪೀ!" ಎಂದು ಬಂತು.

ಮಂತ್ರದ ನಡುವೆ ಅವನು ನಿಟ್ಟುಸಿರು ಬಿಟ್ಟ. ಹೊರಟ ಶೋಕರಾಗಕ್ಕೆ ಹೆಣ್ಣಿನ ಕಡೆಯವರೆಲ್ಲ ಕಣ್ಣೊರೆಸಿಕೊಂಡರು. ಸೀನಿದ! ಅದೇ ಸೂಚನೆ ಎಂದುಕೊಂಡು ಡೋಲಿನವರು ಗಟ್ಟಿಮೇಳ ಬಾರಿಸಿಯೇಬಿಟ್ಟರು. ಗಾಬರಿಯಲ್ಲಿ ವರ ಮುಹೂರ್ತಕ್ಕೆ ಮೊದಲೇ ತಾಳಿ ಕಟ್ಟಿದ! ಪುರೋಹಿತರು ಕೆಂಡಾಮಂಡಲ. ಹೆಣ್ಣಿನ ತಂದೆ ಮಾತ್ರ "ಎಂಥಾ ದಮ್ಮು ರೀ ಇವರದ್ದು!" ಎಂದು ಶಾಲು ಹೊದಿಸಿದರು.

ಸುದ್ದಿ ತಿಳಿದು ಪಂಕಜಾಕ್ಷಿ ಓಡಿಬಂದಳು. "ಅಷ್ಟೊಂದು ಕುಡಿ ಅಂತ ಯಾರು ಹೇಳಿದ್ದು?"

"ಪೀಂ!" ಹಾಲೇಶಪ್ಪ ಅವಳತ್ತಲೇ ಬೆರಳು ತೋರಿಸಿದ.

ಅವಳು ಒಂದು ಗಳಿಗೆ ಯೋಚಿಸಿದಳು. "ಸುಣ್ಣಕ್ಕೆ ಹುಳಿ ಆಗಲ್ಲ! ನಿಂಬೆಹಣ್ಣು ತಗಂಬರ್ರೀ!" ಅಡುಗೆಮನೆಯ ಹಿಂದಿನ ದೊಡ್ಡ ಚರಂಡಿಯ ಹತ್ತಿರ ಅಣ್ಣನನ್ನು ಕೂರಿಸಿ ಹಣ್ಣಿನ ಮೇಲೆ ಹಣ್ಣು ಹಿಂಡಿದಳು. ಹುಳಿಗೆ ಹಾಲೇಶಪ್ಪನ ಮುಖ ಕಿವುಚಿಕೊಂಡಿತು. ಟಪ್! ಕ್ಲಾರಿಯೋನೆಟ್ ಇತ್ತ ಬಂತು, ಬ್ರಿಜ್ ಹಾರಿ ಚರಂಡಿಗೆ ಬಿತ್ತು.

ಚರಂಡಿಯಲ್ಲಿ ಪಾಯಸದ ಕೊಪ್ಪರಿಗೆ ತೊಳೆದ ಹಾಲುಹಾಲು ನೀರು ಹರಿಯುತ್ತಿತ್ತು! ಬ್ರಿಜ್ಜಿಗೆ ಹಬ್ಬವಾಯಿತು. ಈ ದಡಕ್ಕೂ ಆ ದಡಕ್ಕೂ ಎಂಥಾ ಸಂದು! ಊಟದ ಎರಡನೇ ಪಂಕ್ತಿ ಏಳುವ ಹೊತ್ತಿಗೆ ಚರಂಡಿಯ ಮೇಲೆ ಬೆಳ್ಳಗೆ ಹೊಳೆಯುವ ಸೇತುವೆ ಎದ್ದಿತ್ತು, ಎರಡು ಬದಿಗೂ ಹಲ್ಲಿನ ಸಾಲಿನದೇ ಕಟಕಟೆ!

ಬಸ್‌ಸ್ಟ್ಯಾಂಡಿಗೆ ಸುತ್ತುಬಳಸಿ ಹೋಗುತ್ತಿದ್ದ ಜನ ಅದರ ಮೇಲೆ ಅಳುಕುತ್ತ ಕಾಲಿಟ್ಟರು, ಆಮೇಲೆ ಸೈಕಲ್ಲು ತಂದರು, ಸಂಜೆಗೆ ತರಕಾರಿ ಗಾಡಿಯೂ ದಾಟಿತು. ಪಂಕಜಾಕ್ಷಿ ತಲೆ ಕೆಳಗೆ ಹಾಕಿದ್ದಳು. "ತಪ್ಪಾತಣ್ಣ. ನಾಳೆ ಬಾ, ಮಾಮೂಲಿ ಬ್ರಿಜ್ ಕೂರಿಸ್ತೀನಿ."

ಹಾಲೇಶಪ್ಪ ಅವಳ ಮಾತು ಕೇಳಿಸಿಕೊಳ್ಳಲೇ ಇಲ್ಲ. ದಾಟುವವರನ್ನೆಲ್ಲ ತಡೆದು ನಿಲ್ಲಿಸಿ, ಬೊಚ್ಚುಬಾಯಿ ಅಗಲಿಸಿ "ಕಟ್ಟಿದ್ದು ಇವಳೇ! ನಮ್ಮ ಮನೆ ಹುಡುಗಿ!" ಎಂದು ಸಾರುತ್ತಿದ್ದ.

ಮರುದಿನ ಊರಿನ ಇಂಜಿನಿಯರು ಬಂದು ಸೇತುವೆಯನ್ನು ತಟ್ಟಿ, ಕುಟ್ಟಿ, ಹತ್ತಿ ಕುಣಿದು ನೋಡಿದರು. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ.

"ಕೆಲಸ ಪಕ್ಕಾ ಇದೆ ಡಾಕ್ಟರೇ," ಎಂದರು ಕನ್ನಡಕ ಒರೆಸಿಕೊಳ್ಳುತ್ತ. "ಆದ್ರೆ ದಿನಾ ಎರಡು ಹೊತ್ತು ಇದಕ್ಕೆ ಬ್ರಷ್ ಮಾಡೋರು ಯಾರು?"