ಬೆಳೆಯುವ ಕಾಲಿಗೆ ಬೂಟು

ಮಕ್ಕಳು ಬೆಳೆಯುವುದನ್ನು ಎಲ್ಲರೂ ತಲೆಯ ಕಡೆಯಿಂದ ನೋಡುತ್ತಾರೆ. ಮನೆಗೆ ಬಂದ ನೆಂಟರು ಮಗುವನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿ, ಹೋದ ಸಲ ಇಷ್ಟಿದ್ದಳು, ಈಗ ನೋಡಿ ಎಲ್ಲಿಗೆ ಬಂದಳು ಎಂದು ಬೆರಗಾಗುತ್ತಾರೆ. ಪಾದದ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ನಾನು ಕಂಡಂತೆ ಮಗು ಮೊದಲು ಬೆಳೆಯುವುದು ಪಾದದಲ್ಲಿ. ಉಳಿದ ಅಂಗಗಳು ನಿಧಾನವಾಗಿ ಬಂದು ಸೇರಿಕೊಳ್ಳುತ್ತವೆ. ಅಂಗಿ ಗಿಡ್ಡವಾದರೆ ಅಂಚು ಬಿಚ್ಚಿ ಉದ್ದ ಮಾಡಬಹುದು. ಲಂಗಕ್ಕೆ ಕೆಳಗೊಂದು ಪಟ್ಟಿ ಕೂಡಿಸಬಹುದು. ಬೂಟಿಗೆ ಬಿಚ್ಚಲು ಅಂಚಿಲ್ಲ. ಇಷ್ಟು ಸಣ್ಣ ಸಂಗತಿ ತಲೆಗೆ ಹೊಳೆಯದೆ ಒಂದು ಮಳೆಗಾಲದ ಕೊನೆಯಲ್ಲಿ ನಾನು ಪಟ್ಟ ಗಾಬರಿಯನ್ನು, ಆದಷ್ಟು ಗಾಬರಿಯಿಲ್ಲದೆ, ಇಲ್ಲಿ ವರದಿ ಮಾಡುತ್ತಿದ್ದೇನೆ.

ವರದಿ ಮಾಡುವುದು ನನ್ನ ಕಸುಬು. ಶಿವಮೊಗ್ಗದ ಒಂದು ದಿನಪತ್ರಿಕೆಗೆ ನಾನು ಶಿಕಾರಿಪುರದ ವರದಿಗಾರ; ಏಜೆಂಟನೂ ನಾನೇ. ಸುದ್ದಿ ಬರೆದು ಬಸ್ಸಿಗೆ ಕೊಡುವವನು, ಅದು ಅಚ್ಚಾಗಿ ಬಸ್ಸಿನಲ್ಲೇ ವಾಪಸು ಬಂದಾಗ ಮನೆಮನೆಗೆ ಮಾರುವವನು, ಅದರಲ್ಲಿ ತಪ್ಪಿದ್ದರೆ ಆಯಾ ಮನೆಯ ಬಾಗಿಲಲ್ಲೇ ಬೈಸಿಕೊಳ್ಳುವವನು, ಎಲ್ಲ ಒಬ್ಬನೇ. ಇದಕ್ಕೂ ಮುಂಚೆ ಕೆಲವು ವರ್ಷ ಅದೇ ಪತ್ರಿಕೆಯ ಕಚೇರಿಯಲ್ಲಿ ಕೂತು ಬೇರೆಯವರ ಬರಹ ತಿದ್ದುತ್ತಿದ್ದೆ. ಅಲ್ಲಿನ ಹಿರಿಯರು ನನಗೆ ಒಂದು ನಿಯಮ ಕಲಿಸಿದರು: ಇಬ್ಬರು ಬೇರೆ ಬೇರೆಯಾಗಿ ಹೇಳುವ ತನಕ ಯಾವುದೂ ಸುದ್ದಿಯಲ್ಲ, ಇಬ್ಬರು ಹೇಳಿದ ಮೇಲೆ ಅದನ್ನು ತಡೆಯುವ ಅಧಿಕಾರ ನಿನಗಿಲ್ಲ. ಈ ನಿಯಮವನ್ನು ನಾನು ಮನೆಗೂ ತಂದೆ. ಹಾಲು ಒಡೆದಿದೆ ಎಂದು ಒಬ್ಬರು ಹೇಳಿದರೆ ಇನ್ನೊಬ್ಬರನ್ನು ಕೇಳುತ್ತೇನೆ. ನನ್ನ ಹೆಂಡತಿ ಪಾರ್ವತಿ ಇದನ್ನು ತನ್ನ ತವರಿನವರ ಮುಂದೆ ಆಡಿಕೊಂಡು ನಗುತ್ತಾಳೆ. ಮನೆಗೆ ಬೆಂಕಿ ಬಿದ್ದರೂ ಇವರು ಪಕ್ಕದ ಮನೆಯವರನ್ನು ಕೇಳಿಕೊಂಡೇ ಹೊರಗೆ ಓಡುವುದು ಎನ್ನುತ್ತಾಳೆ.

ಬೂಟಿನ ವಿಚಾರಕ್ಕೆ ಬರುತ್ತೇನೆ. ನಮ್ಮ ದೊಡ್ಡ ಮಗಳು ಸರೋಜಳಿಗೆ ಆಗ ಒಂಬತ್ತು ವರ್ಷ, ಚಿಕ್ಕವಳು ಗಿರಿಜಳಿಗೆ ಆರು. ಹಿಂದಿನ ವರ್ಷ ಶಾಲೆ ಶುರುವಾಗುವಾಗ ಸರೋಜಳಿಗೆ ಬೂಟು ತರುವುದೆಂದು ತೀರ್ಮಾನವಾಯಿತು. ಕಾರಣ, ನಮ್ಮ ಬೀದಿಯಿಂದ ಶಾಲೆಯ ತನಕ ಹೋಗುವ ದಾರಿಯಲ್ಲಿ ಒಂದಿಷ್ಟು ದೂರ ಜಲ್ಲಿ, ಒಂದಿಷ್ಟು ದೂರ ಜಾಲಿಯ ಮುಳ್ಳು. ವಾರಕ್ಕೊಮ್ಮೆ ಮುಳ್ಳು ಚುಚ್ಚಿಸಿಕೊಂಡು ಅಂದಿನ ಶಾಲೆ ತಪ್ಪಿಸುವುದು ಅವಳಿಗೆ ಅಭ್ಯಾಸವಾಗಿತ್ತು. ನಾನು ಪತ್ರಿಕೆಯ ಕೆಲಸದ ಮೇಲೆ ಶಿವಮೊಗ್ಗಕ್ಕೆ ಹೊರಟಾಗ ಪಾರ್ವತಿ ಮಗಳ ಪಾದದ ಉದ್ದಕ್ಕೆ ಪೊರಕೆಯಿಂದ ಒಂದು ಹಿಡಿಕಡ್ಡಿ ಮುರಿದು ಕೊಟ್ಟಳು. ಬೆಳೆಯುವ ಕಾಲು ಎಂದು ಕಡ್ಡಿಯನ್ನು ಅರ್ಧ ಬೆರಳಿನಗಲ ಉದ್ದವಾಗಿಯೇ ಮುರಿದಿದ್ದಳು. ಅದನ್ನು ನನಗೆ ಹೇಳಲಿಲ್ಲ. ನಾನು ಅಂಗಡಿಯಲ್ಲಿ, ಬೆಳೆಯುವ ಕಾಲು, ಕಡ್ಡಿಗಿಂತ ಅರ್ಧ ಬೆರಳು ದೊಡ್ಡದು ಕೊಡಿ ಎಂದೆ. ಅಂಗಡಿಯವರು ಎಷ್ಟೋ ಅಪ್ಪಂದಿರನ್ನು ಕಂಡವರು. ಬೆಳೆಯುವ ಕಾಲು ಎಂದು ತಮ್ಮಷ್ಟಕ್ಕೆ ಇನ್ನೊಂದು ನಂಬರು ಸೇರಿಸಿ ಕಟ್ಟಿಕೊಟ್ಟರು. ಮನೆಗೆ ಬಂದು ಹಾಕಿ ನೋಡಿದರೆ ಸರೋಜ ಬೂಟಿನೊಳಗೆ ಎರಡು ದೋಣಿಗಳಲ್ಲಿ ನಿಂತವಳಂತೆ ಕಂಡಳು.

ಬೂಟು ಮಾತ್ರ ಚೆಂದವಿತ್ತು. ಕೆಂಪು ಚರ್ಮ, ಪಕ್ಕದಲ್ಲಿ ಹೊಳೆಯುವ ಬಕಲು. ವಾಪಸು ಕಳಿಸಲು ಅವಳು ಬಿಡಲಿಲ್ಲ. ಮಾರಾಟವಾಗದೆ ಉಳಿದ ಪತ್ರಿಕೆಗಳು ನಮ್ಮ ಮನೆಯಲ್ಲಿ ಬೇಕಾದಷ್ಟಿದ್ದವು. ಅವನ್ನು ಉಂಡೆ ಮಾಡಿ ತುದಿಗೆ ತುರುಕಿದೆವು. ನಾನು ಬರೆದ ತಾಲ್ಲೂಕು ಬೋರ್ಡಿನ ಸಭೆಗಳು, ಅಡಿಕೆ ಧಾರಣೆ, ಕೆರೆ ಏರಿಯ ಬಿರುಕು, ಎಲ್ಲವನ್ನೂ ಮೆಟ್ಟಿಕೊಂಡು ಅವಳು ಶಾಲೆಗೆ ನಡೆದಳು. ನನ್ನ ಬರವಣಿಗೆಯಿಂದ ಜನರಿಗೆ ನೇರವಾಗಿ ಉಪಯೋಗವಾದದ್ದು ಅದೊಂದೇ ಸಲ. ತರಗತಿಯಲ್ಲಿ ಬೂಟು ಇದ್ದವಳು ಇವಳೊಬ್ಬಳೇ. ಬಾಗಿಲ ಬಳಿ ಬಿಚ್ಚಿಟ್ಟು, ಅದು ಕಾಣುವ ಜಾಗದಲ್ಲೇ ಕೂರುತ್ತಿದ್ದಳಂತೆ. ಮುಳ್ಳು ಚುಚ್ಚುವುದು ನಿಂತಿತು, ಶಾಲೆ ತಪ್ಪುವುದೂ ನಿಂತಿತು. ಹೆಡ್‌ಮಾಸ್ತರ ಕೋಣೆಯಿಂದ ಸೀಮೆಸುಣ್ಣ ತರುವ ಕೆಲಸವನ್ನು ಮೇಷ್ಟ್ರು ಇವಳಿಗೇ ವಹಿಸಿದರು. ಹುಡುಗಿಯರು ಬೂಟು ಸರೋಜ ಎಂದು ಕರೆಯತೊಡಗಿದರು. ಅವಳಿಗೆ ಅದು ಬಿರುದು.

ನಮ್ಮ ಮನೆಯಲ್ಲಿ ಇನ್ನೊಂದು ನಿಯಮ ಇತ್ತು. ಎಲ್ಲ ಮನೆಗಳಲ್ಲೂ ಇರುವಂಥದ್ದೇ. ದೊಡ್ಡವಳಿಗೆ ಬಿಗಿಯಾದದ್ದು ಅಂದೇ ಚಿಕ್ಕವಳಿಗೆ. ಲಂಗ, ರವಿಕೆ, ಚೀಲ ಎಲ್ಲ ಹಾಗೇ ಇಳಿದು ಬಂದಿದ್ದವು. ಆದ್ದರಿಂದ ಗಿರಿಜ ಆ ಬೂಟಿಗೆ ಮೊದಲ ದಿನದಿಂದಲೇ ವಾರಸುದಾರಳು. ಸಂಜೆ ಅಕ್ಕ ಬೂಟು ಬಿಚ್ಚಿದ ಕೂಡಲೇ ಪಕ್ಕದಲ್ಲಿ ತನ್ನ ಕಾಲಿಟ್ಟು ಅಳೆದು ನೋಡುವಳು. ಬಿಗಿ ಆಯ್ತೇನೇ ಎಂದು ದಿನಾ ವಿಚಾರಿಸುವಳು. ಅಜ್ಜನ ಆಸ್ತಿಯ ಮೇಲೆ ಕಣ್ಣಿಟ್ಟ ಮೊಮ್ಮಕ್ಕಳು ಅಜ್ಜನ ಆರೋಗ್ಯ ವಿಚಾರಿಸುವ ರೀತಿ ಅದು. ಇಲ್ಲ ಎಂದು ಸರೋಜ ಹೇಳುವಳು. ನಾವು ನಗುತ್ತಿದ್ದೆವು.

ಮರುವರ್ಷ ಮಳೆ ಕಡಿಮೆಯಾಗುವ ಹೊತ್ತಿಗೆ ಒಂದು ಬೆಳಿಗ್ಗೆ ನಾನು ಪತ್ರಿಕೆ ಹಂಚಿ ಬರುತ್ತಿದ್ದಾಗ ಎದುರಿಗೆ ಸರೋಜ ಶಾಲೆಗೆ ಹೋಗುತ್ತಿದ್ದಳು. ನಡಿಗೆ ಸರಿಯಿರಲಿಲ್ಲ. ಬಲಗಾಲನ್ನು ಒಂದಿಷ್ಟು ಎತ್ತಿ, ಪಕ್ಕಕ್ಕೆ ಇಟ್ಟು, ಆಮೇಲೆ ಎಳೆದುಕೊಳ್ಳುತ್ತಿದ್ದಳು. ಕಾಲು ನೋವೇನಮ್ಮ ಎಂದೆ. ಇಲ್ಲ ಎಂದಳು. ಬಿದ್ದೆಯಾ ಎಂದೆ. ಇಲ್ಲ ಎಂದಳು. ಸಂಜೆ ಮನೆಯಲ್ಲಿ ಗಮನಿಸಿದೆ: ಮನೆಯೊಳಗೆ ಕಡಿಮೆ, ರಸ್ತೆಯಲ್ಲಿ ಹೆಚ್ಚು. ಆಯಾಸವಾದಾಗ ಹೆಚ್ಚುತ್ತದೆ ಎಂದು ಮನಸ್ಸಿನಲ್ಲೇ ಷರಾ ಬರೆದುಕೊಂಡೆ. ಊಟಕ್ಕೆ ಕೂತಾಗ ಇನ್ನೊಂದು ಕಂಡಿತು. ಎರಡು ರೊಟ್ಟಿ ತಿನ್ನುವವಳು ಅರ್ಧಕ್ಕೇ ಸಾಕು ಎಂದು ಎದ್ದಳು. ಹಾಲು ಬೇಡವೆಂದಳು. ಪಾರ್ವತಿ ಕಾಲಿಗೆ ಎಣ್ಣೆ ತಿಕ್ಕಲು ಹೋದರೆ ಮೊಣಕಾಲಿನ ತನಕ ಸುಮ್ಮನಿದ್ದು, ಅದರ ಕೆಳಗೆ ಕೈ ಬಂದ ಕೂಡಲೇ ಕಚಗುಳಿ ಎಂದು ಎಳೆದುಕೊಂಡಳು.

ಆ ದಿನಗಳಲ್ಲಿ ಮಕ್ಕಳ ಕಾಲನ್ನೇ ಕಸಿದುಕೊಂಡು ಹೋಗುವ ಜ್ವರದ ಬಗ್ಗೆ ಪತ್ರಿಕೆಯಲ್ಲಿ ಒಂದು ಲೇಖನ ಬಂದಿತ್ತು. ಅದನ್ನು ಊರಿಗೆಲ್ಲ ಹಂಚಿದವನು ನಾನೇ. ಹಂಚುವಾಗ ಅದರ ಮೇಲೆ ಕಣ್ಣಾಡಿಸಿದ್ದೆ ಅಷ್ಟೆ. ಈಗ ಒಳಕೋಣೆಗೆ ಹೋಗಿ ಹಳೆಯ ಪತ್ರಿಕೆಗಳ ರಾಶಿಯಲ್ಲಿ ಅದನ್ನು ಹುಡುಕಿ ಪೂರ್ತಿ ಓದಿದೆ. ಓದಬಾರದಿತ್ತು. ಆದರೂ ಒಬ್ಬನ ಮಾತು ಸುದ್ದಿಯಲ್ಲವಲ್ಲ, ಇದುವರೆಗೆ ಕುಂಟುವುದನ್ನು ಕಂಡವನು ನಾನೊಬ್ಬನೇ ಎಂದು ಸಮಾಧಾನ ಮಾಡಿಕೊಂಡೆ. ಪಾರ್ವತಿ, ನನಗೇನೂ ಹಾಗೆ ಕಾಣಲ್ಲಪ್ಪ ಎಂದಳು; ಆದರೆ ಹೇಳುವಾಗ ನನ್ನ ಮುಖ ನೋಡಲಿಲ್ಲ. ನನ್ನ ತಾಯಿ ಒಲೆಗೆ ಉಪ್ಪು ಮೆಣಸಿನಕಾಯಿ ಹಾಕಿ ದೃಷ್ಟಿ ತೆಗೆದರು. "ಊರಾಗೆಲ್ಲ ಟಕಟಕ ಅಂತ ಮೆಟ್ಟು ಹಾಕ್ಕೊಂಡು ತಿರುಗಿದ್ರೆ ಕಣ್ಣು ಬೀಳದೆ ಇರ್ತೈತಾ?" ಎಂದರು. ಅದನ್ನು ನಾನು ಅಭಿಪ್ರಾಯವೆಂದು ಪರಿಗಣಿಸಿದೆನೇ ಹೊರತು ಸಾಕ್ಷಿಯೆಂದಲ್ಲ.

ಮರುದಿನ ಮೇಷ್ಟ್ರು ಅಂಗಡಿ ಬೀದಿಯಲ್ಲಿ ಸಿಕ್ಕರು. ನಾನು ಏನೂ ಕೇಳದೆ ಸುಮ್ಮನೆ ನಮಸ್ಕಾರ ಹೇಳಿದೆ. ಅವರೇ ನಿಂತು, "ಏನ್ರೀ, ಸರೋಜ ಈಚೆಗೆ ಒಂದು ಕಾಲು ಎಳೀತಾಳಲ್ಲ? ಸೀಮೆಸುಣ್ಣಕ್ಕೂ ಬೇರೆಯವರನ್ನ ಕಳಿಸ್ತಿದೀನಿ" ಎಂದರು. ಇಬ್ಬರಾದರು. ಬೇರೆ ಬೇರೆಯಾಗಿ ಹೇಳಿದರು. ಇಷ್ಟು ವರ್ಷ ನನ್ನನ್ನು ಕಾಪಾಡಿದ್ದ ನಿಯಮ ನಡುಬೀದಿಯಲ್ಲಿ ನನ್ನ ಮೇಲೇ ತಿರುಗಿಬಿತ್ತು. ಕಚೇರಿಯಲ್ಲಿ ಕೂತು ಎಷ್ಟು ಜನರ ಸಂಕಟವನ್ನು ಖಚಿತವಾಗಿದೆಯೇ ಎಂದು ಕೇಳಿ ಅಚ್ಚಿಗೆ ಕಳಿಸಿದ್ದೆನೋ. ಖಚಿತವಾಗುವುದೆಂದರೆ ಹೀಗಿರುತ್ತದೆಂದು ಗೊತ್ತಿರಲಿಲ್ಲ.

ಈ ವಿಚಾರಣೆಯಲ್ಲಿ ನಾನು ಬೂಟನ್ನು ಒಮ್ಮೆಯೂ ಅನುಮಾನಿಸಲಿಲ್ಲ. ಬೂಟು ದೊಡ್ಡದು ಎಂಬುದು ನನಗೆ ನೇರವಾಗಿ ಗೊತ್ತಿದ್ದ ಸಂಗತಿ. ಆ ಸಂಗತಿಗೆ ವರ್ಷ ದಾಟಿದೆ ಎಂಬುದು ಲೆಕ್ಕಕ್ಕೆ ಬರಲಿಲ್ಲ.

ವೈದ್ಯರಿಗೆ ತೋರಿಸಬೇಕೆಂದಾಗ ಪಾರ್ವತಿ, ಸೊರಬದ ಡಾಕ್ಟರಿಗೇ ತೋರಿಸಬೇಕು ಎಂದಳು. ಸೊರಬ ಅವಳ ತವರು. ಅವಳು ಮಗುವಾಗಿದ್ದಾಗಿನಿಂದ ಆ ಮನೆಯ ಕೆಮ್ಮು, ಜ್ವರ, ಹೆರಿಗೆ ಎಲ್ಲ ಕಂಡವರು ಆ ಡಾಕ್ಟರು. ನಾನು ಒಪ್ಪಿದೆ. ಒಪ್ಪಿದ ಮೇಲೆ ಇನ್ನೊಂದಕ್ಕೂ ಒಪ್ಪಬೇಕಿತ್ತು. ಸೊರಬಕ್ಕೆ ಹೋಗುವಾಗ ನಾನು ಹಾಕಿಕೊಳ್ಳುವುದು ಒಂದೇ ಬೂಟು, ಮದುವೆಯಲ್ಲಿ ಮಾವನವರು ಕೊಡಿಸಿದ ಕಪ್ಪು ಬೂಟು. ಅಳತೆ ಕೇಳುವುದು ಮರ್ಯಾದೆಯಲ್ಲವೆಂದು ಅವರು ತಮ್ಮ ಮಗನ ಕಾಲಿನ ಅಂದಾಜಿನಲ್ಲಿ ತರಿಸಿದ್ದರು. ಹಸೆಮಣೆ ಇಳಿದು ಅದನ್ನು ಹಾಕಿಕೊಂಡಾಗ ನನ್ನ ಬೆರಳುಗಳು ಒಂದರ ಮೇಲೊಂದು ಹತ್ತಿದವು. ಹೇಗಿದೆ ಎಂದು ಮಾವ ಕೇಳಿದರು. ಇಡೀ ಚಪ್ಪರ ನೋಡುತ್ತಿತ್ತು. ಸರಿಯಾಗಿದೆ ಎಂದೆ. ಅಂದಿನಿಂದ ಸರಿಯಾಗಿಯೇ ಇದೆ. ಸೊರಬಕ್ಕೆ ಹೋದಾಗ ಮಾತ್ರ ಹಾಕುವುದರಿಂದ ಸವೆಯುವುದೂ ಇಲ್ಲ.

ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ಸರೋಜ ಕಿಟಕಿಗೆ ಮುಖವಿಟ್ಟು ಕೂತಿದ್ದಳು. ಕಾಲಲ್ಲಿ ಕೆಂಪು ಬೂಟು. ಬೂಟಿಲ್ಲದೆ ಹೋಗು, ಕಾಲಿಗೆ ಹಗುರ ಎಂದು ಪಾರ್ವತಿ ನಮ್ಮನ್ನು ಕಳಿಸುವಾಗ ಹೇಳಿದರೂ ಕೇಳಿರಲಿಲ್ಲ. ನಾನು ದಾರಿಯುದ್ದಕ್ಕೂ ಅವಳ ಕಾಲನ್ನೇ ನೋಡುತ್ತಾ, ಊರುಗೋಲು, ಶಾಲೆ, ಮದುವೆ ಎಂದು ಮುಂದಿನ ಇಪ್ಪತ್ತು ವರ್ಷಗಳ ಸುದ್ದಿಯನ್ನು ತಲೆಯಲ್ಲಿ ಬರೆದು ಮುಗಿಸಿದೆ. ಸೊರಬದಲ್ಲಿ ಮಾವನವರು ಬಸ್ಸಿನ ಹತ್ತಿರವೇ ಕಾದಿದ್ದರು. ಮೂವರೂ ಡಾಕ್ಟರ ಮನೆಯ ಅಂಗಳ ದಾಟಿ ಒಳಗೆ ಹೋದೆವು. ಡಾಕ್ಟರು ಕಿಟಕಿಯಿಂದಲೇ ನಮ್ಮನ್ನು ನೋಡುತ್ತಿದ್ದರು.

"ಅಪ್ಪ ಮಗಳು ಇಬ್ರೂ ಒಂದೇ ಥರ ಕುಂಟ್ತಾ ಬಂದ್ರಲ್ರೀ" ಎಂದರು. "ಮನೆತನದಲ್ಲಿ ಯಾರಿಗಾದ್ರೂ ಇತ್ತಾ?"

ಮಾವನವರು ಬೆಂಚಿನ ಮೇಲೆ ನೆಟ್ಟಗಾದರು. ಮಗಳನ್ನು ಎಂಥ ಮನೆಗೆ ಕೊಟ್ಟೆ ಎಂದು ಈಗ ಯೋಚಿಸತೊಡಗಿದಂತೆ ಕಂಡರು. ಇಲ್ಲ, ನನಗೆ ಬಸ್ಸಿನಲ್ಲಿ ಕಾಲು ಜೋಮು ಹಿಡಿದಿದೆ ಎಂದೆ. ಡಾಕ್ಟರು ನನ್ನ ಬೂಟನ್ನು ನೋಡಿದರು, ಮಾವನವರನ್ನು ನೋಡಿದರು, ಆಮೇಲೆ ನನ್ನ ಮಾತು ಬಿಟ್ಟು ಸರೋಜಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಬೂಟು ಬಿಚ್ಚು ಎಂದರು. ಅವಳು ಬಿಚ್ಚಲಿಲ್ಲ. ಅವರೇ ಬಕಲು ತೆಗೆದು ಎಳೆದರು. ಸುಲಭವಾಗಿ ಬರಲಿಲ್ಲ. ಬಂದಾಗ ಹೆಬ್ಬೆರಳ ತುದಿ ಕೆಂಪಗೆ ಬಾತು, ಹಿಮ್ಮಡಿಯಲ್ಲಿ ಬೊಬ್ಬೆ ಒಡೆದು ಗಾಯವಾಗಿತ್ತು. ಬೂಟಿನೊಳಗೆ ನನ್ನ ಪತ್ರಿಕೆಯ ಒಂದು ಚೂರೂ ಇರಲಿಲ್ಲ. ಒಳಗಿನ ತೆಳು ಅಟ್ಟೆಯನ್ನು ಕೂಡ ಅವಳೇ ಕಿತ್ತು ಜಾಗ ಮಾಡಿಕೊಂಡಿದ್ದಳು. ಈಗ ನಡಿ ಎಂದರು ಡಾಕ್ಟರು. ಆ ತಣ್ಣನೆಯ ನೆಲದ ಮೇಲೆ ನನ್ನ ಮಗಳು ಗೋಡೆಯಿಂದ ಗೋಡೆಗೆ ನೆಟ್ಟಗೆ ನಡೆದಳು.

"ಎಂತಕ್ಕೆ ಹೇಳ್ಲಿಲ್ಲ ಕೂಸೆ?" ಎಂದು ಡಾಕ್ಟರು ಕೇಳಿದರು.

ಅವಳು ಮೊದಲು ನನ್ನನ್ನು, ಆಮೇಲೆ ಬೂಟನ್ನು ನೋಡಿದಳು. "ಹೇಳಿದ್ರೆ ಗಿರಿಜಂಗೆ ಕೊಟ್ಟುಬಿಡ್ತಾರಲ್ಲ" ಎಂದಳು. ಊಟ ಯಾಕೆ ಬಿಟ್ಟೆ ಎಂದದ್ದಕ್ಕೂ ಉತ್ತರವಿತ್ತು. "ಚೆನ್ನಾಗಿ ಉಂಡ್ರೆ ಬೆಳೀತಾರೆ ಅಂತ ಅಜ್ಜಿ ಹೇಳಿದ್ಲು."

ನಾನು ಕುರ್ಚಿ ಹುಡುಕಿ ಕೂತೆ. ಕಣ್ಣು ಮಂಜಾದದ್ದನ್ನು ಯಾರೂ ನೋಡಲಿಲ್ಲವೆಂದುಕೊಂಡಿದ್ದೇನೆ. ಡಾಕ್ಟರು ಔಷಧವೆಂದು ಹಿಮ್ಮಡಿಗೆ ಒಂದಿಷ್ಟು ಮುಲಾಮು ಹಚ್ಚಿ, ಉಳಿದದ್ದು ಚಪ್ಪಲಿ ಅಂಗಡಿಯಲ್ಲಿ ಸಿಗುತ್ತದೆ ಎಂದರು.

ನಮ್ಮನ್ನು ಬಸ್ಸು ಹತ್ತಿಸುವಾಗ ಮಾವನವರು ಬಹಳ ಹಗುರವಾಗಿದ್ದರು. ನನ್ನ ಕಾಲ ಕಡೆ ತೋರಿಸಿ, "ನಮ್ಮ ಬೂಟು ಇನ್ನೂ ಹೊಸದರ ಹಾಗೇ ಇದೆ ನೋಡಿ. ದೀಪಾವಳಿಗೆ ಇದೇ ಅಳತೇಲಿ ಇನ್ನೊಂದು ಜೊತೆ ತರಿಸ್ತೀನಿ" ಎಂದರು. ನಾನು ತಲೆಯಾಡಿಸಿದೆ. ಬಸ್ಸು ಊರು ದಾಟಿದ ಮೇಲೆ ಬೂಟು ಬಿಚ್ಚಿ ಸೀಟಿನ ಕೆಳಗೆ ತಳ್ಳಿದೆ. ಅಲ್ಲಿ ಕೆಂಪು ಬೂಟು ಮೊದಲೇ ಬಂದು ಕೂತಿತ್ತು. ಸರೋಜ ನನ್ನ ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿದಳು.

"ಅಪ್ಪಾ, ನಿನ್ನ ಬೂಟು ಬಿಗಿಯಾದ್ರೆ ಯಾರಿಗೆ ಕೊಡ್ತಾರೆ?"

"ಯಾರಿಗೂ ಇಲ್ಲ."

"ಮತ್ಯಾಕೆ ನೀನು ಹೇಳಲ್ಲ?"



ಸರೋಜಳಿಗೆ ಹೊಸ ಬೂಟು ಬಂತು. ಕಡ್ಡಿಯನ್ನು ನಾನೇ ಮುರಿದೆ, ಎಲ್ಲರ ಎದುರಿಗೆ. ಕೆಂಪು ಬೂಟು ಗಿರಿಜಳಿಗೆ ಹೋಯಿತು. ತುದಿಗೆ ಮತ್ತೆ ಪತ್ರಿಕೆ ಸೇರಿತು. ಬಿಗಿಯಾದರೆ ಹೇಳಬೇಕು, ಹೇಳಿದವರಿಗೆ ಏನೂ ನಷ್ಟವಿಲ್ಲ, ಕಾಲಿನ ವಿಷಯದಲ್ಲಿ ಸುಳ್ಳು ಹೇಳಬಾರದು ಎಂದು ಇಬ್ಬರನ್ನೂ ಕೂರಿಸಿಕೊಂಡು ತಿಳಿಸಿದೆ. ಇಬ್ಬರೂ ಶ್ರದ್ಧೆಯಿಂದ ಕೇಳಿದರು.

ದೀಪಾವಳಿಗೆ ಸೊರಬಕ್ಕೆ ಹೋದೆವು. ಎಣ್ಣೆಸ್ನಾನವಾದ ಮೇಲೆ ಮಾವನವರು ಡಬ್ಬಿ ತೆಗೆದರು. ಕಂದು ಬಣ್ಣದ ಬೂಟು, ಅದೇ ಅಳತೆ. ಹಾಕಿಕೊಂಡೆ. ಹೊಸ ಚರ್ಮ ಹಳೆಯದರಷ್ಟು ದಯೆ ತೋರಿಸಲಿಲ್ಲ. ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯಲು ಹೇಳಿದರು, ನಡೆದೆ. ಹ್ಯಾಂಗಿದೆ ಎಂದರು. ಕಂಬದ ಪಕ್ಕದಲ್ಲಿ ಸರೋಜ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

"ಸರಿಯಾಗಿದೆ" ಎಂದೆ.

ಮಾವನವರಿಗೆ ಅಂದು ಏನನಿಸಿತೋ, ಮೊಮ್ಮಗಳ ಕಡೆಗೆ ತಿರುಗಿದರು. "ಹೌದೇನೇ ಸರೋಜ, ನಿಮ್ಮಪ್ಪಂಗೆ ಸರಿಯಾಗಿದೆಯಾ?"

ಅವಳು ಒಂದು ಕ್ಷಣ ನನ್ನ ಕಾಲು ನೋಡಿದಳು. "ಹೂಂ ಅಜ್ಜ, ಸರಿಯಾಗಿದೆ" ಎಂದಳು.

ಇಬ್ಬರು ಹೇಳಿದ ಮೇಲೆ ಅದನ್ನು ತಡೆಯುವ ಅಧಿಕಾರ ನನಗಿರಲಿಲ್ಲ. ಬಲಗಾಲನ್ನು ಒಂದಿಷ್ಟು ಎತ್ತಿ, ಪಕ್ಕಕ್ಕೆ ಇಟ್ಟು, ಆಮೇಲೆ ಎಳೆದುಕೊಳ್ಳುತ್ತಾ ನಾನು ಊಟಕ್ಕೆ ಹೋದೆ.